ಕ್ವಾರಿ ಪಕ್ಕದ ಚಿಟ್ಟೆ ಲೆಕ್ಕ: ಹುಳುವಿನಿಂದ ಶುರು ಮಾಡಿ

ಡಿಸೆಂಬರ್ ತಿಂಗಳ ಹತ್ತು ಗಂಟೆಯ ಬಿಸಿಲಲ್ಲಿ ಜಂಬಿಟ್ಟಿಗೆ ಕ್ವಾರಿಯ ಅಂಚಿಗೆ ಹೋಗಿ ನಿಂತರೆ ಚಿಟ್ಟೆಗೇನೂ ಬರ ಕಾಣುವುದಿಲ್ಲ. ಲಂಟಾನದ ಮೇಲೆ ಕಾಮನ್ ಮಾರ್ಮನ್, ಕಮ್ಯುನಿಸ್ಟ್ ಗಿಡದ ಹೂವಿಗೆ ಮುತ್ತಿದ ಬ್ಲೂ ಟೈಗರ್‌ಗಳು, ಗುಂಡಿಯ ಕೆಸರಲ್ಲಿ ನೀರು ಹೀರುವ ಎಮಿಗ್ರಂಟ್‌ಗಳು, ಬರಿ ನೆಲದಲ್ಲಿ ರೆಕ್ಕೆ ಬಿಚ್ಚಿ ಕೂತ ಲೆಮನ್ ಪ್ಯಾನ್ಸಿ. ಅದೇ ಹೊತ್ತಿನಲ್ಲಿ ಎರಡು ಕಿಲೋಮೀಟರ್ ಆಚೆಯ ಕಾನಿನೊಳಗೆ, ಅಂದರೆ ದಟ್ಟ ನಿತ್ಯಹಸಿರು ಕಾಡಿನೊಳಗೆ, ಅರ್ಧ ಗಂಟೆ ನಡೆದರೂ ಎಂಟು-ಹತ್ತು ಚಿಟ್ಟೆ ಸಿಕ್ಕರೆ ಹೆಚ್ಚು. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಗಣಿಯಿಂದ ಚಿಟ್ಟೆಗೆ ತೊಂದರೆಯಿಲ್ಲ ಎಂದು ವರದಿ ಬರೆಯುವವರಿದ್ದಾರೆ. ಎಣಿಕೆ ಸರಿಯಿರುತ್ತದೆ, ತೀರ್ಮಾನ ತಪ್ಪಿರುತ್ತದೆ.

ರೆಕ್ಕೆ ಬಂದ ಚಿಟ್ಟೆ ಎಲ್ಲಿಂದಲೋ ಬಂದು ಮಕರಂದ ಹೀರಿ ಹೋಗಬಲ್ಲದು. ಮೊಟ್ಟೆಯೊಡೆದು ಬರುವ ಅದರ ಮರಿ, ಅಂದರೆ ಹುಳು, ಹಾಗೆ ಹೋಗಲಾರದು. ತಾಯಿ ಮೊಟ್ಟೆ ಇಟ್ಟ ಗಿಡದಲ್ಲೇ, ಅಲ್ಲಿ ಬೀಳುವ ದೂಳನ್ನೇ ತಿಂದು, ಅಲ್ಲಿನ ಬಿಸಿಯಲ್ಲೇ ಬೆಳೆಯಬೇಕು. ಆದ್ದರಿಂದ ಜಾಗ ಕೆಟ್ಟಿದೆಯೋ ಉಳಿದಿದೆಯೋ ಎಂಬುದಕ್ಕೆ ಹುಳುವಿನ ಸಾಕ್ಷಿಯೇ ಗಟ್ಟಿ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಲೇಜು ವಿದ್ಯಾರ್ಥಿಗಳು, ಪಂಚಾಯಿತಿಯ ಜೀವವೈವಿಧ್ಯ ಸಮಿತಿಯವರು, ತೋಟದ ಪಕ್ಕದಲ್ಲೇ ಕ್ವಾರಿ ಇರುವ ಕೃಷಿಕರು ತಾವೇ ಮಾಡಬಹುದಾದ ಅಳತೆಯ ಕ್ರಮ ಇಲ್ಲಿದೆ. ದೊಡ್ಡ ಪ್ರಯೋಗಾಲಯ ಬೇಡ. ಬೇಕಾದದ್ದು ಒಂದು ವರ್ಷದ ತಾಳ್ಮೆ.

ಗಣಿ ಹುಳುವನ್ನು ತಟ್ಟುವ ಬಗೆ

ಮಲೆನಾಡಿನಲ್ಲಿ ಗಣಿ ಎಂದರೆ ಒಂದೇ ಬಗೆಯದಲ್ಲ. ಕುದುರೆಮುಖದಂಥ ದೊಡ್ಡ ಅದಿರು ಗಣಿ 2005ರ ಕೊನೆಗೆ ನಿಂತಿತು. ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿಯ ಇಳಿಜಾರುಗಳಲ್ಲಿ ಹಳೆಯ ಗಾಯ ಇನ್ನೂ ಕಾಣುತ್ತದೆ. ಈಗ ಊರೂರಿಗೆ ಹತ್ತಿರ ಇರುವುದು ಜಂಬಿಟ್ಟಿಗೆ ಕ್ವಾರಿ, ಕಲ್ಲು ಕ್ವಾರಿ ಮತ್ತು ಜಲ್ಲಿ ಕ್ರಷರ್. ಜಂಬಿಟ್ಟಿಗೆಯದು ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚಿರುವ ಕೆಂಪು ದೂಳು. ಕ್ರಷರ್‌ನದು ಸಿಲಿಕಾ ತುಂಬಿದ, ಗಾಜಿನ ಪುಡಿಯಂತೆ ಚೂಪಾದ ಬೂದು ದೂಳು. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಸೇರಿಸಿ ಬರೆಯಬೇಡಿ.

ಎಲೆಯ ಮೇಲೆ ಕೂತ ದೂಳು ಮೂರು ಕಡೆಯಿಂದ ಕೆಲಸ ಮಾಡುತ್ತದೆ. ಒಂದು, ಅದು ಎಲೆಗೆ ಬೆಳಕು ತಡೆಯುತ್ತದೆ, ಉಸಿರುರಂಧ್ರ ಮುಚ್ಚುತ್ತದೆ, ಎಲೆಯನ್ನು ಕಾಯಿಸುತ್ತದೆ. ಎಲೆ ಬೇಗ ಬಲಿತು ಒರಟಾಗುತ್ತದೆ, ಮೇವಿನ ಸತ್ವ ಇಳಿಯುತ್ತದೆ. ಎರಡು, ಹುಳುವಿನ ದವಡೆ ಸವೆಯುತ್ತದೆ. ಜೊತೆಗೆ ಹೊಟ್ಟೆಗೆ ಹೋದದ್ದರಲ್ಲಿ ಒಂದು ಪಾಲು ಬರಿ ಕಲ್ಲಾದ್ದರಿಂದ ಅದೇ ಮೈ ತುಂಬಿಕೊಳ್ಳಲು ಹೆಚ್ಚು ದಿನ ಮೇಯಬೇಕಾಗುತ್ತದೆ. ಹೆಚ್ಚು ದಿನ ಹುಳುವಾಗಿಯೇ ಇದ್ದರೆ ಹಕ್ಕಿಗೂ ಪರಾವಲಂಬಿ ನೊಣಕ್ಕೂ ಅಷ್ಟು ದಿನ ತುತ್ತಾಗುವ ಅವಕಾಶ. ಮೂರನೆಯದು ಕಣ್ಣಿಗೆ ಬೀಳುವುದೇ ಕಡಿಮೆ. ಹೆಣ್ಣು ಚಿಟ್ಟೆ ಮೊಟ್ಟೆ ಇಡುವ ಮೊದಲು ಮುಂಗಾಲಿನಿಂದ ಎಲೆಯನ್ನು ಪಟಪಟ ತಟ್ಟಿ ರುಚಿ ನೋಡುತ್ತದೆ. ದೂಳಿನ ಪದರದ ಮೇಲೆ ತಟ್ಟಿದರೆ ಗಿಡದ ರುಚಿ ಕಾಲಿಗೆ ಹತ್ತುವುದಿಲ್ಲ. ಸರಿಯಾದ ಗಿಡದ ಮೇಲೆ ಕೂತೂ ಮೊಟ್ಟೆ ಇಡದೆ ಹಾರಿಹೋಗಬಹುದು.

ನಿಂಬೆ ಗಿಡದ ಒಂದು ರೆಂಬೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಇದರ ಇನ್ನೊಂದು ಮುಖ ಅರ್ಥವಾಗುತ್ತದೆ. ತುದಿಯ ಎಳೆ ಚಿಗುರು ಬಿಚ್ಚಿ ನಾಲ್ಕೈದು ದಿನವಾಗಿರುತ್ತದಷ್ಟೆ, ಹಾಗಾಗಿ ಹೆಚ್ಚುಕಡಿಮೆ ಶುಚಿಯಾಗಿರುತ್ತದೆ. ಅದರ ಕೆಳಗಿನ ಎಲೆಗಳಿಗೆ ನಡುನರದ ಉದ್ದಕ್ಕೂ ಕೆಂಪು ಗೆರೆ. ಇನ್ನೂ ಕೆಳಗೆ ಬೆರಳಿಟ್ಟರೆ ಗುರುತು ಮೂಡುವಷ್ಟು ದೂಳು. ಮೊಟ್ಟೆಯಿಂದ ಆಗಷ್ಟೆ ಬಂದ ಲೈಮ್ ಬಟರ್‌ಫ್ಲೈ ಮರಿ ಚಿಗುರಲ್ಲೇ ಮೇಯುತ್ತದೆ. ಹುಳು ಪೊರೆ ಕಳಚುತ್ತಾ ಐದು ಹಂತಗಳಲ್ಲಿ ಬೆಳೆಯುತ್ತದೆ. ಹಕ್ಕಿ ಹಿಕ್ಕೆಯ ವೇಷ ಕಳಚಿ ಹಸಿರಾದ ಐದನೆಯ ಹಂತದ ಹುಳು ಬಲಿತ ಎಲೆಗೆ ಇಳಿಯುತ್ತದೆ. ಹುಳು ತನ್ನ ಬದುಕಿನಲ್ಲಿ ತಿನ್ನುವ ಒಟ್ಟು ಮೇವಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಈ ಕೊನೆಯ ಹಂತದಲ್ಲೇ ತಿನ್ನುವುದು. ಅಂದರೆ ದೂಳಿನ ಪೆಟ್ಟು ಬೀಳುವುದು ಬೆಳವಣಿಗೆಯ ತುದಿಯಲ್ಲಿ, ಕೋಶ ಕಟ್ಟುವ ಹೊತ್ತಿಗೆ. ಮೊಟ್ಟೆ ಎಣಿಸಿ ಸಮಾಧಾನಪಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ದೂಳಿನ ಹೊರತಾಗಿ ನೆರಳು ಹೋಗುವುದು ದೊಡ್ಡ ನಷ್ಟ. ಕಾನಿನ ಅಂಚು ಕಡಿದರೆ ಒಳಗಿನ ತೇವ ಹತ್ತಾರು ಮೀಟರ್ ಆಳದವರೆಗೆ ಆರುತ್ತದೆ. ಬುಷ್‌ಬ್ರೌನ್‌ನಂಥ ನೆಲಮಟ್ಟದ ಚಿಟ್ಟೆಗೆ ಬೇಕಾದ ನೆರಳಿನ ಹುಲ್ಲು, ಈಶ್ವರಿ ಬಳ್ಳಿ ಹಬ್ಬುವ ಪೊದೆ, ಮಲಬಾರ್ ಟ್ರೀ ನಿಂಫ್ ತೇಲಾಡುವ ಮರದಡಿಯ ತೆರವು ಎಲ್ಲವೂ ಆ ತೇವವನ್ನೇ ನಂಬಿವೆ. ಸದ್ದು, ಸಿಡಿತದ ವಿಚಾರದಲ್ಲಿ ಗಟ್ಟಿಯಾಗಿ ಹೇಳಬಹುದಾದ್ದು ಕಡಿಮೆ. ಅದನ್ನು ವರದಿಯ ಮುಖ್ಯ ವಾದವಾಗಿ ಹಿಡಿಯದಿರುವುದು ಒಳ್ಳೆಯದು.

ಜಾಗ ಗೊತ್ತು ಮಾಡುವುದು

ಹೆಚ್ಚಿನ ಅಧ್ಯಯನ ಕೆಡುವುದು ಇಲ್ಲೇ. ಕ್ವಾರಿಯ ಪಕ್ಕದ ಬಯಲನ್ನೂ ದೂರದ ದಟ್ಟ ಕಾನನ್ನೂ ಹೋಲಿಸಿದರೆ ಕಾಣುವ ವ್ಯತ್ಯಾಸ ಗಣಿಯದೋ ಕಾಡಿನ ಬಗೆಯದೋ ಹೇಳಲು ಬರುವುದಿಲ್ಲ. ಕ್ವಾರಿ ಬರುವ ಮೊದಲು ಆ ಜಾಗ ಏನಾಗಿತ್ತು ಎಂದು ಊರಿನ ಹಿರಿಯರನ್ನು ಕೇಳಿ: ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವೋ, ಹುಲ್ಲು ಬೆಳೆಯುವ ಬ್ಯಾಣವೋ, ಕಾನೋ, ಅಕೇಶಿಯಾ ತೋಪೋ. ದೂರದ ಜಾಗವೂ ಅದೇ ಬಗೆಯದಾಗಿರಬೇಕು. ಎತ್ತರದಲ್ಲಿ 100 ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬೇಡ, ಹಳ್ಳದಿಂದ ಇರುವ ದೂರವೂ ಹೆಚ್ಚುಕಡಿಮೆ ಒಂದೇ ಇರಲಿ.

ಕ್ವಾರಿಯ ಅಂಚಿನಿಂದ 50 ಮೀಟರ್ ಒಳಗೆ, 250 ಮೀಟರ್‌ನಲ್ಲಿ, 500 ಮೀಟರ್‌ನಲ್ಲಿ ಮತ್ತು 2 ಕಿಲೋಮೀಟರ್ ಆಚೆ, ಹೀಗೆ ನಾಲ್ಕು ದೂರ. ಪ್ರತಿ ದೂರದಲ್ಲಿ 300 ಮೀಟರ್ ಉದ್ದದ ಮೂರು ನಡಿಗೆ ಗೆರೆ. ಗೆರೆಗಳು ಕ್ವಾರಿಯ ಅಂಚಿಗೆ ಸಮಾನಾಂತರವಾಗಿರಲಿ, ಇಲ್ಲವಾದರೆ ಒಂದೇ ಗೆರೆಯಲ್ಲಿ ದೂರ ಬದಲಾಗಿಬಿಡುತ್ತದೆ. ಗಾಳಿ ಹೋಗುವ ದಿಕ್ಕಿನಲ್ಲೂ ಅದರ ಎದುರು ದಿಕ್ಕಿನಲ್ಲೂ ಗೆರೆಗಳಿರಬೇಕು. ಒಂದು ಕೋಲಿಗೆ ಟೇಪಿನ ತುಂಡು ಕಟ್ಟಿ ನೆಟ್ಟರೆ ದಿಕ್ಕು ತಿಳಿಯುತ್ತದೆ. ಟಿಪ್ಪರ್ ಓಡಾಡುವ ಮಣ್ಣು ರಸ್ತೆಗೆ ಬೇರೆಯೇ ಗೆರೆ ಇಡಿ. ಎಷ್ಟೋ ಕಡೆ ಗುಂಡಿಯ ಅಂಚಿಗಿಂತ ಈ ರಸ್ತೆಯ ಬೇಲಿಯೇ ಹೆಚ್ಚು ಕೆಂಪಾಗಿರುತ್ತದೆ.

ಒಂದೇ ಕ್ವಾರಿ ನೋಡಿ ಎಲ್ಲ ಕ್ವಾರಿಯ ಮಾತು ಆಡಲಾಗದು. ಓಡುತ್ತಿರುವ ಮೂರು, ನಿಲ್ಲಿಸಿದ ಮೂರು ಸಿಕ್ಕರೆ ಹೋಲಿಕೆಗೆ ಬೆಲೆ ಬರುತ್ತದೆ. ಓಡುವ ಕ್ವಾರಿಯಲ್ಲಿ ಸ್ಫೋಟದ ಸಮಯ ಕೇಳಿಕೊಂಡೇ ಹೋಗಿ, ಕಡಿದ ಗೋಡೆಯ ಬುಡದಲ್ಲಿ ನಿಲ್ಲಬೇಡಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದದ್ದನ್ನು ಜಿಲ್ಲೆ ಮರೆತಿಲ್ಲ. ಅಭಯಾರಣ್ಯ, ಮೀಸಲು ಅರಣ್ಯದೊಳಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ನಡಿಗೆ

ನಡಿಗೆ ಎಣಿಕೆಯ ಕ್ರಮ 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಅದರ ಮೂಲ ಸರಳ. ಎಡಬಲಕ್ಕೆ 2.5 ಮೀಟರ್, ಮುಂದಕ್ಕೆ ಮತ್ತು ಮೇಲಕ್ಕೆ 5 ಮೀಟರ್ ಅಳತೆಯ ಒಂದು ಪೆಟ್ಟಿಗೆ ನಿಮ್ಮ ಜೊತೆ ಸಾಗುತ್ತಿದೆ ಎಂದುಕೊಂಡು ಅದರೊಳಗೆ ಬಂದದ್ದನ್ನು ಮಾತ್ರ ಬರೆಯುವುದು. ನಿಧಾನವಾಗಿ, ಒಂದೇ ವೇಗದಲ್ಲಿ, 300 ಮೀಟರಿಗೆ 20 ನಿಮಿಷ. ಮಲೆನಾಡಿನ ಚಳಿಗಾಲದಲ್ಲಿ ಇಬ್ಬನಿ ಆರುವವರೆಗೆ ಚಿಟ್ಟೆ ಏಳುವುದಿಲ್ಲ. ಹಾಗಾಗಿ ಆಯಾ ದಿನದ ನಡಿಗೆಯನ್ನು 9.30ರಿಂದ 12 ಗಂಟೆಯೊಳಗೆ ಮುಗಿಸಿ. ಪ್ರತಿ ಸಲ ಒಂದೇ ಗೆರೆಯಿಂದ ಶುರು ಮಾಡಬೇಡಿ. ಮೊದಲ ಗೆರೆಗೆ ಯಾವಾಗಲೂ ತಂಪು ಹೊತ್ತು, ಕೊನೆಯದಕ್ಕೆ ಯಾವಾಗಲೂ ಸುಡು ಹೊತ್ತು ಸಿಕ್ಕಿ ಲೆಕ್ಕ ಓರೆಯಾಗುತ್ತದೆ.

ತಿಂಗಳಿಗೆ ಎರಡು ಸಲ, ಹನ್ನೆರಡು ತಿಂಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಟ್ಟ ಬಿಸಿಲು ಸಿಕ್ಕ ದಿನ ಹೋಗಬೇಕಷ್ಟೆ. ಹಸ್ತ, ಚಿತ್ತೆ ಮಳೆಯ ಹೊತ್ತಿನಿಂದ ನವೆಂಬರ್ ಕೊನೆಯವರೆಗೆ ಚಿಟ್ಟೆ ತುಂಬ. ಸ್ವಾತಿ ಮುಗಿದು ನೆಲ ಆರಿದ ಮೇಲೆ ಕ್ವಾರಿಯ ಕೆಲಸ ಚುರುಕಾಗುತ್ತದೆ, ದೂಳು ಏಳುತ್ತದೆ. ಮಳೆಗಾಲದಲ್ಲಿ ತೊಳೆದು ನಿಂತ ಎಲೆ, ಹುಳುವೂ ಹೇರಳ, ದೂಳೂ ಶುರು: ಈ ಮೂರೂ ಕೂಡುವ ನವೆಂಬರ್‌ನಿಂದ ಜನವರಿವರೆಗಿನ ಅವಧಿ ಅತಿ ಮುಖ್ಯ. ಬಿಡುವು ಕಡಿಮೆ ಇದ್ದರೆ ಬೇರೆ ತಿಂಗಳಲ್ಲಿ ಒಂದು ಸಲ ತಪ್ಪಿಸಿ, ಈ ಮೂರು ತಿಂಗಳಲ್ಲಿ ತಪ್ಪಿಸಬೇಡಿ.

ಎರಡು ಕಡೆ ಎಣಿಕೆ ಮೋಸ ಮಾಡುತ್ತದೆ. ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದವು ಮುಂಗಾರಿನ ಹಿಂದೆ ಮುಂದೆ ಸಾವಿರಗಟ್ಟಲೆ ವಲಸೆ ಹೊರಡುತ್ತವೆ. ಆ ದಿನ ನಿಮ್ಮ ಗೆರೆಯ ಮೇಲೆ ಹಾದುಹೋದವು ನಿಮ್ಮ ಜಾಗದವಲ್ಲ. ಒಂದೇ ದಿಕ್ಕಿಗೆ ನಿಲ್ಲದೆ ಸಾಗುತ್ತಿದ್ದರೆ ಬೇರೆ ಪುಟದಲ್ಲಿ ಬರೆಯಿರಿ. ಇನ್ನೊಂದು ಕಮ್ಯುನಿಸ್ಟ್ ಗಿಡದ್ದು. ಇದೇ ಗುಂಪಿನ ಗಂಡುಗಳು ಹೆಣ್ಣನ್ನು ಒಲಿಸುವ ಗಂಧಕ್ಕೆ ಬೇಕಾದ ರಸಕ್ಕಾಗಿ ಈ ಗಿಡಕ್ಕೆ ದೂರದಿಂದ ಬಂದು ಮುತ್ತುತ್ತವೆ. ಕ್ವಾರಿಯ ಅಂಚಿನಲ್ಲಿ ಈ ಗಿಡವೇ ಜಾಸ್ತಿ. ಒಂದೇ ಪೊದೆಯಲ್ಲಿ ನಲವತ್ತು ಬ್ಲೂ ಟೈಗರ್ ಕಂಡರೆ ಆ ಪೊದೆ ಅವುಗಳ ಅಂಗಡಿ, ಮನೆ ಬೇರೆಲ್ಲೋ ಇದೆ.

ಚಿಟ್ಟೆ ಹಿಡಿಯುವ ಬಲೆ ಈ ಕೆಲಸಕ್ಕೆ ಬೇಡ, ರೆಕ್ಕೆಯ ಮೇಲ್ಬದಿ ಕೆಳಬದಿ ಎರಡೂ ಕಾಣುವ ಫೋಟೋ ಸಾಕು. ಹೂವಿಗೆ ಬಾರದ ಬ್ಯಾರನ್, ಬುಷ್‌ಬ್ರೌನ್, ನವಾಬ್‌ಗಳಿಗಾಗಿ ಕಳಿತ ಬಾಳೆಹಣ್ಣಿಗೆ ಬೆಲ್ಲ ಕಲಸಿ ಎರಡು ದಿನ ಹುಳಿಬರಿಸಿ, ತೆಂಗಿನ ಚಿಪ್ಪಿನಲ್ಲಿಟ್ಟು ನೆರಳಿನಲ್ಲಿ ಎದೆಮಟ್ಟಕ್ಕೆ ತೂಗಿಬಿಡಿ. ಹಲಸಿನ ಕಾಲದಲ್ಲಿ ಕೊಳೆತ ಹಲಸಿನ ತೊಳೆಗಿಂತ ಒಳ್ಳೆಯದಿಲ್ಲ. ಪ್ರತಿ ಗೆರೆಗೆ ಮೂರು ಚಿಪ್ಪು, ಎಲ್ಲ ಗೆರೆಗೂ ಒಂದೇ ದಿನ.

ಹುಳು ಹುಡುಕುವುದು

ಕೆಲಸದ ಅರ್ಧ ಹೊತ್ತನ್ನು ಇದಕ್ಕೇ ಇಡಿ. ಮೊದಲು ಗೆರೆಯ ಎರಡೂ ಬದಿಯ ಮೇವಿನ ಗಿಡಗಳನ್ನು ಎಣಿಸಿ. ನಿಂಬೆ, ಕಾಡುನಿಂಬೆ, ಕರಿಬೇವಿನಲ್ಲಿ ಲೈಮ್, ಮಾರ್ಮನ್ ಹುಳುಗಳು. ದಾಲ್ಚಿನ್ನಿಯಲ್ಲಿ ಬ್ಲೂಬಾಟಲ್. ಕಕ್ಕೆಯಲ್ಲಿ ಎಮಿಗ್ರಂಟ್. ಹೂಗೊಂಚಲಿನ ಬಳಿ ಬಿಳಿ ಎಲೆ ಬಿಡುವ ಕಾಡು ಮುಸ್ಸೆಂಡಾದಲ್ಲಿ ಕಮಾಂಡರ್. ಜುಮ್ಮನಕಾಯಿ ಮರದಲ್ಲಿ ಮಲಬಾರ್ ಬ್ಯಾಂಡೆಡ್ ಪೀಕಾಕ್. ಈಶ್ವರಿ ಬಳ್ಳಿಯಲ್ಲಿ ಕಾಮನ್ ರೋಸ್, ಕ್ರಿಮ್ಸನ್ ರೋಸ್, ಜೊತೆಗೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್. ಶಿಕಾರಿಪುರ, ಭದ್ರಾವತಿಯ ಅರೆಮಲೆನಾಡಿನಲ್ಲಿ ಎಕ್ಕದ ಗಿಡ ಮತ್ತು ಪ್ಲೇನ್ ಟೈಗರ್ ಜೋಡಿ ತುಂಬ ಅನುಕೂಲ. ಎಕ್ಕದ ಎಲೆಗೆ ಬಿಳಿ ಅರಳೆಯಂಥ ಪದರ ಇರುವುದರಿಂದ ದೂಳು ಚೆನ್ನಾಗಿ ಹಿಡಿಯುತ್ತದೆ, ಹುಳು ದೂರದಿಂದಲೇ ಕಾಣುತ್ತದೆ. ಕಪ್ಪು, ಹಳದಿ, ಬಿಳಿ ಪಟ್ಟೆ, ಮೈಮೇಲೆ ಮೂರು ಜೊತೆ ಕೊಂಬು. ಎರಡೇ ಜೊತೆ ಇದ್ದರೆ ಬ್ಲೂ ಟೈಗರ್, ನಾಲ್ಕಿದ್ದರೆ ಕ್ರೋ.

ಪ್ರತಿ ಗೆರೆಯಲ್ಲಿ ಒಂದೇ ಜಾತಿಯ ಹತ್ತು ಗಿಡ, ಗಿಡಕ್ಕೆ 50 ಎಲೆ, ಎಲೆಯ ಎರಡೂ ಬದಿ. ಎತ್ತರವೂ ಒಂದೇ ಇರಲಿ, ಮೊಣಕಾಲಿನಿಂದ ತಲೆಮಟ್ಟದವರೆಗೆ. ಮೊಟ್ಟೆ ಎಷ್ಟು, ಒಂದರಿಂದ ಐದನೆಯ ಹಂತದ ಹುಳು ಎಷ್ಟೆಷ್ಟು, ಕೋಶ ಎಷ್ಟು, ತಿಂದ ಗುರುತಿರುವ ಎಲೆ ಎಷ್ಟು ಎಂದು ಬೇರೆಬೇರೆ ಬರೆಯಿರಿ. ಮಾವಿನೆಲೆಯ ನಡುನರದ ಮೇಲೆ ಚಪ್ಪಟೆಯಾಗಿ ಮಲಗಿದ ಬ್ಯಾರನ್ ಹುಳು ನೇರ ನೋಡಿದರೆ ಕಾಣದು, ಎಲೆಯನ್ನು ಬೆಳಕಿಗೆ ಓರೆಯಾಗಿಸಿ ಹಿಡಿಯಿರಿ. ಮುಸ್ಸೆಂಡಾದ ಎಲೆತುದಿಯಲ್ಲಿ ನರ ಮಾತ್ರ ಉಳಿದು, ಅದಕ್ಕೆ ಹಿಕ್ಕೆ ಮತ್ತು ಎಲೆಚೂರು ಜೋತಾಡುತ್ತಿದ್ದರೆ ಕಮಾಂಡರ್ ಮರಿ ಅಲ್ಲೇ ಇದೆ. ಮತ್ತಿ ಮರದಲ್ಲಿ ಚಗಳಿ ಇರುವೆಗಳು ಒಂದು ಜಾಗವನ್ನು ಬಿಡದೆ ಸುತ್ತುತ್ತಿದ್ದರೆ ಅವು ಓಕ್‌ಬ್ಲೂ ಹುಳುವನ್ನು ಕಾಯುತ್ತಿರಬಹುದು.

ಹಂತ ಬೇರೆ ಮಾಡಿ ಬರೆಯುವುದಕ್ಕೆ ಕಾರಣವಿದೆ. ದೂಳಿನ ಗಿಡದಲ್ಲಿ ಮೊಟ್ಟೆಯೇ ಕಡಿಮೆಯಿದ್ದರೆ ತಾಯಿ ಗಿಡವನ್ನು ಒಪ್ಪುತ್ತಿಲ್ಲ. ಮೊಟ್ಟೆ ಎರಡೂ ಕಡೆ ಸಮ, ಆದರೆ ಐದನೆಯ ಹಂತ ಕ್ವಾರಿ ಕಡೆ ಕಾಣೆಯಾಗಿದ್ದರೆ ತಾಯಿ ಮೋಸಹೋಗುತ್ತಿದೆ, ಮರಿ ಸಾಯುತ್ತಿದೆ. ಎರಡನೆಯದು ಹೆಚ್ಚು ಕೆಟ್ಟದ್ದು. ಆ ಗಿಡಗಳು ಸುತ್ತಲಿನ ಕಾನಿನಿಂದ ಹೆಣ್ಣುಗಳನ್ನು ಸೆಳೆದು ಅವುಗಳ ಮೊಟ್ಟೆಯನ್ನು ವ್ಯರ್ಥ ಮಾಡುತ್ತಿರುತ್ತವೆ.

ಹುಳು ಕಡಿಮೆಯಾಗಲು ಕ್ವಾರಿಯೊಂದೇ ಕಾರಣವಾಗಿರಬೇಕಿಲ್ಲ. ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆದ ದಿನ, ಶುಂಠಿ ಗದ್ದೆಗೆ ಔಷಧಿ ಹೊಡೆದ ದಿನ, ಬೆಟ್ಟದಲ್ಲಿ ಸೊಪ್ಪು ಕಡಿದ ತಿಂಗಳು, ಫೆಬ್ರವರಿ-ಮಾರ್ಚಿನ ಬೆಂಕಿ ಎಲ್ಲವನ್ನೂ ದಿನಚರಿಯಲ್ಲಿ ಬರೆಯಿರಿ. ವರ್ಷದ ಕೊನೆಗೆ ನೆನಪು ಮಾಡಿಕೊಳ್ಳುತ್ತೇವೆಂದರೆ ಆಗದು.

ದೂಳಿನ ತೂಕ

ಹುಳು ಹುಡುಕಿದ ಗಿಡದಿಂದಲೇ, ಅದೇ ವಾರ, ಬಲಿತ ಹತ್ತು ಎಲೆ ತೊಟ್ಟು ಹಿಡಿದು ಕತ್ತರಿಸಿ. ಮಳೆ ಬಂದಿದ್ದರೆ ಏಳು ದಿನ ಬಿಟ್ಟು ಹೋಗಿ. ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಅರ್ಧ ದೂಳು ಚೀಲಕ್ಕೇ ಅಂಟುತ್ತದೆ. ಅಗಲ ಬಾಯಿಯ ಡಬ್ಬಿಯೊಳಗೇ ಕತ್ತರಿಸಿ ಬೀಳಿಸಿ. ಡಬ್ಬಿಗೆ 200 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಎಲೆಯ ಎರಡೂ ಬದಿ ತೊಳೆದು, ಮೊದಲೇ ಒಣಗಿಸಿ ತೂಗಿದ ಫಿಲ್ಟರ್ ಪೇಪರಿನಲ್ಲಿ ಆ ನೀರು ಸೋಸಿ. ಪೇಪರನ್ನು ಪೂರ್ತಿ ಒಣಗಿಸಿ ಮತ್ತೆ ತೂಗಿ. ತಕ್ಕಡಿ 0.001 ಗ್ರಾಂ ತೋರಿಸುವಂಥದ್ದು ಬೇಕು, ಪದವಿ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿರುತ್ತದೆ. ಎಲೆಯನ್ನು ಗ್ರಾಫ್ ಹಾಳೆಯ ಮೇಲಿಟ್ಟು ಅಂಚು ಬರೆದು ಚೌಕ ಎಣಿಸಿದರೆ ವಿಸ್ತೀರ್ಣ ಸಿಗುತ್ತದೆ.

ಪೇಪರ್ ಮೊದಲು 0.920 ಗ್ರಾಂ, ಆಮೇಲೆ 1.046 ಗ್ರಾಂ ಆಯಿತೆನ್ನಿ. ದೂಳು 126 ಮಿಲಿಗ್ರಾಂ. ಹತ್ತು ಎಲೆಯ ಒಟ್ಟು ವಿಸ್ತೀರ್ಣ 420 ಚದರ ಸೆಂಟಿಮೀಟರ್ ಇದ್ದರೆ ಚದರ ಸೆಂಟಿಮೀಟರಿಗೆ 0.3 ಮಿಲಿಗ್ರಾಂ. ಮಲೆನಾಡಿನ ತೇವದಲ್ಲಿ ಪೇಪರ್ ಗಾಳಿಯ ನೀರು ಹೀರಿ ತೂಕ ತಪ್ಪಿಸುತ್ತದೆ. ಏನೂ ಸೋಸದ ಒಂದು ಪೇಪರನ್ನು ಜೊತೆಗೇ ಒಣಗಿಸಿ ತೂಗಿ, ಅದರಲ್ಲಿ ಬಂದ ವ್ಯತ್ಯಾಸವನ್ನು ಉಳಿದವುಗಳಿಂದ ಕಳೆಯಿರಿ.

ಸಾಕಿ ನೋಡುವುದು

ಹೊರಗಿನ ಎಣಿಕೆಯಲ್ಲಿ ಹಕ್ಕಿ, ಮಳೆ, ಬಿಸಿಲು ಎಲ್ಲವೂ ಬೆರೆತಿರುತ್ತದೆ. ದೂಳಿನ ಪಾಲನ್ನು ಬೇರೆ ಮಾಡಲು ಹುಳು ಸಾಕಬೇಕು. ಲೈಮ್ ಬಟರ್‌ಫ್ಲೈ ಇದಕ್ಕೆ ಒಳ್ಳೆಯದು: ತೋಟದಲ್ಲಿ ಸುಲಭವಾಗಿ ಸಿಗುತ್ತದೆ, ತಿಂಗಳೊಳಗೆ ಮೊಟ್ಟೆಯಿಂದ ಚಿಟ್ಟೆಯಾಗುತ್ತದೆ. ಸಂರಕ್ಷಿತ ಜಾತಿಗಳನ್ನೂ ಬರ್ಡ್‌ವಿಂಗ್‌ನಂಥ ಅಪರೂಪದವನ್ನೂ ಮುಟ್ಟಬೇಡಿ.

ಅಂಗಳದ ನಿಂಬೆಯಲ್ಲಿ ಆಗಷ್ಟೆ ಇಟ್ಟ 60 ಮೊಟ್ಟೆ ಎಲೆಸಮೇತ ತನ್ನಿ. ಕಪ್ಪಾದ ಮೊಟ್ಟೆ ಬಿಡಿ, ಅದರಲ್ಲಿ ಪರಾವಲಂಬಿ ಕಣಜ ಇರಬಹುದು. ಹೊರಬಂದ ಮರಿಗಳನ್ನು ಚೀಟಿ ಎತ್ತಿ 20ರಂತೆ ಮೂರು ಗುಂಪಿಗೆ ಹಂಚಿ. ಮೊದಲ ಗುಂಪಿಗೆ ಕ್ವಾರಿ ಅಂಚಿನ ನಿಂಬೆಯ ದೂಳು ತುಂಬಿದ ಎಲೆ. ಎರಡನೆಯದಕ್ಕೆ ಅದೇ ಗಿಡದ ಎಲೆ, ಆದರೆ ತೊಳೆದದ್ದು. ಮೂರನೆಯದಕ್ಕೆ 2 ಕಿಲೋಮೀಟರ್ ಆಚೆಯ ಗಿಡದ ಎಲೆ, ಅದನ್ನೂ ತೊಳೆದೇ ಕೊಡಿ. ತೊಳೆಯದೆ ಕೊಟ್ಟರೆ ಎರಡು ಮತ್ತು ಮೂರನೆಯ ಗುಂಪಿನ ನಡುವೆ ತೊಳೆಯುವಿಕೆಯ ವ್ಯತ್ಯಾಸವೂ ಸೇರಿಬಿಡುತ್ತದೆ. ಎರಡೂ ಕಡೆಯ ಗಿಡ ಒಂದೇ ತಳಿಯದಾಗಿರಲಿ.

ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಕೊಯ್ದು ಸೊಳ್ಳೆಪರದೆ ಬಟ್ಟೆ, ತಳಕ್ಕೆ ಪೇಪರ್. ಮೂರನೆಯ ಹಂತದವರೆಗೆ ಡಬ್ಬಿಗೆ ಐದು, ಆಮೇಲೆ ಒಂದೊಂದೇ. ರೆಂಬೆಯನ್ನು ನೀರಿನ ಚಿಕ್ಕ ಶೀಶೆಗೆ ಇಟ್ಟು ಬಾಯಿಗೆ ಹತ್ತಿ ತುರುಕಿ. ಹತ್ತಿ ಮರೆತರೆ ಹುಳು ಕಾಂಡ ಹಿಡಿದು ಇಳಿದು ನೀರಲ್ಲಿ ಮುಳುಗುತ್ತದೆ. ಪ್ರತಿ ಬೆಳಗ್ಗೆ ಹಿಕ್ಕೆ ತೆಗೆದು ಮೇವು ಬದಲಿಸಿ. ತೊಳೆದ ಎಲೆಯ ನೀರು ಪೂರ್ತಿ ಆರಬೇಕು, ಒದ್ದೆ ಎಲೆ ತಿಂದ ಹುಳು ಭೇದಿಯಾಗಿ ಕಪ್ಪಾಗಿ ಜೋತುಬೀಳುತ್ತದೆ. ಪೇಟೆಯಿಂದ ತಂದ ಕರಿಬೇವು ಎಂದೂ ಹಾಕಬೇಡಿ, ಅದಕ್ಕೆ ಹೊಡೆದ ಔಷಧಿಗೆ ಒಂದೇ ರಾತ್ರಿಯಲ್ಲಿ ಮೂರೂ ಗುಂಪು ಮುಗಿದುಹೋಗಬಹುದು. ಡಬ್ಬಿಗಳನ್ನು ಒಂದೇ ಹಲಗೆಯ ಮೇಲಿಟ್ಟು ದಿನಕ್ಕೊಮ್ಮೆ ಜಾಗ ಬದಲಿಸಿ, ಕಿಟಕಿ ಪಕ್ಕದ್ದಕ್ಕೇ ಬಿಸಿಲು ಸಿಗುವಂತಾಗಬಾರದು.

ಬರೆಯಬೇಕಾದದ್ದು ನಾಲ್ಕು: ಮರಿ ಹೊರಬಂದ ದಿನದಿಂದ ಕೋಶವಾಗುವವರೆಗಿನ ದಿನಗಳು, ಕೋಶ ಕಟ್ಟಿದ 24 ಗಂಟೆಗೆ ಅದರ ತೂಕ, ಸತ್ತವು ಯಾವ ಹಂತದಲ್ಲಿ ಸತ್ತವು, ರೆಕ್ಕೆ ಸರಿಯಾಗಿ ಬಿಚ್ಚಿತೇ ಎಂಬುದು. ಚಿಟ್ಟೆ ಹೊರಬಂದ ಮೇಲೆ ಗಂಡು ಹೆಣ್ಣು ನೋಡಿ ತೂಕವನ್ನು ಬೇರೆಬೇರೆ ಸರಾಸರಿ ಮಾಡಿ. ಹೆಣ್ಣು ಕೋಶದ ತೂಕ ಇಳಿದಿದ್ದರೆ ಅದನ್ನು ಹಗುರವಾಗಿ ಕಾಣಬೇಡಿ. ಚಿಕ್ಕ ಹೆಣ್ಣು ಇಡುವ ಮೊಟ್ಟೆಯೂ ಕಡಿಮೆ, ಹುಳು ಬದುಕಿ ಉಳಿದರೂ ಮುಂದಿನ ತಲೆಮಾರಿಗೆ ಪೆಟ್ಟು ಬಿದ್ದಿರುತ್ತದೆ.

ಮೊದಲ ಗುಂಪು ಮಾತ್ರ ಸೊರಗಿ, ಉಳಿದೆರಡು ಸಮವಾಗಿದ್ದರೆ ಎಲೆಯ ಮೇಲಿನ ದೂಳೇ ಕಾರಣ, ರಸ್ತೆಗೆ ನೀರು ಹಾಯಿಸಿದರೆ ಬಹುಪಾಲು ಸರಿಹೋದೀತು. ಒಂದು ಮತ್ತು ಎರಡು ಎರಡೂ ಸೊರಗಿದ್ದರೆ ಎಲೆಯ ಒಳಗೇ ಕೆಟ್ಟಿದೆ: ನೀರಿನ ಕೊರತೆಯೋ, ಮಣ್ಣಿನಿಂದ ಏರಿದ ಲೋಹವೋ ನೋಡಬೇಕು. ಒಂದು ಸಲದ ಫಲಿತಾಂಶ ನಂಬಬೇಡಿ. ನವೆಂಬರ್‌ನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಮಾಡಿ. ಚಿಟ್ಟೆಗಳನ್ನು ಮೊಟ್ಟೆ ತಂದ ಅಂಗಳದಲ್ಲೇ ಬಿಟ್ಟುಬಿಡಿ.

ವೈವಿಧ್ಯದ ಲೆಕ್ಕ

ಜಾತಿಗಳ ವೈವಿಧ್ಯವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಶ್ಯಾನನ್ ಸೂಚ್ಯಂಕವನ್ನು ಎಲ್ಲರೂ ಹಾಕುತ್ತಾರೆ. ಪ್ರತಿ ಜಾತಿಯ ಪಾಲನ್ನು ಅದರ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಚಿಹ್ನೆ ಬದಲಿಸುವುದು. ನಾಲ್ಕು ಜಾತಿ, ನೂರು ಚಿಟ್ಟೆ, 40, 30, 20, 10ರಂತೆ ಹಂಚಿದ್ದರೆ ಉತ್ತರ 1.28. ಅದೇ ನಾಲ್ಕು ಜಾತಿ 85, 5, 5, 5 ಆಗಿದ್ದರೆ 0.59. ಒಂದೇ ಜಾತಿ ಮೆರೆದಾಗ ಸೂಚ್ಯಂಕ ಇಳಿಯುತ್ತದೆ, ಅಷ್ಟು ಸರಿ. ಆದರೆ ಈ ಲೆಕ್ಕಕ್ಕೆ ಜಾತಿಯ ಹೆಸರು ಗೊತ್ತಾಗುವುದಿಲ್ಲ. 40, 30, 20, 10 ಎಂಬುದು ಕಾನಿನ ನಾಲ್ಕು ಜಾತಿಯಾದರೂ 1.28, ಬಯಲಿನ ನಾಲ್ಕು ಜಾತಿಯಾದರೂ 1.28. ಟ್ರೀ ನಿಂಫ್ ಹೋಗಿ ಆ ಜಾಗಕ್ಕೆ ಪ್ಯಾನ್ಸಿ ಬಂದರೆ ಸಂಖ್ಯೆ ಕದಲುವುದಿಲ್ಲ.

ಆದ್ದರಿಂದ ಪಟ್ಟಿಯನ್ನು ಮೊದಲು ಮೂರಾಗಿ ಒಡೆಯಿರಿ: ಕಾಡಿನೊಳಗಿನವು, ಬಯಲಿನವು, ಎರಡೂ ಕಡೆ ಬದುಕುವವು. ಸೂಚ್ಯಂಕ ಮೂರಕ್ಕೂ ಬೇರೆಬೇರೆ. ಆಮೇಲೆ ಪ್ರತಿ ದೂರಕ್ಕೂ ಹಾರುತ್ತಾ ಕಂಡ ಜಾತಿ ಎಷ್ಟು, ಅದರಲ್ಲಿ ಮೊಟ್ಟೆಯೋ ಹುಳುವೋ ಸಿಕ್ಕ ಜಾತಿ ಎಷ್ಟು ಎಂದು ಬರೆಯಿರಿ. ಕ್ವಾರಿ ಅಂಚಿನಲ್ಲಿ 40 ಜಾತಿ ಹಾರಿ 6ರ ಹುಳು ಸಿಕ್ಕಿತು, ಕಾನಿನ ಕಡೆ 24 ಹಾರಿ 11ರ ಹುಳು ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲಿನದು ಬಂದು ಹೋಗುವ ಜಾಗ, ಎರಡನೆಯದು ಹುಟ್ಟುವ ಜಾಗ. ಮರದ ತುದಿಯಲ್ಲಿ ಮೇಯುವ ಹುಳುಗಳು ನಿಮ್ಮ ಕಣ್ಣಿಗೆ ಬೀಳವು. ಹಾಗಾಗಿ ಈ ಅನುಪಾತವನ್ನು ಸಮ ಹೊತ್ತು, ಸಮ ಗಿಡ ಹುಡುಕಿದ ಜಾಗಗಳ ಹೋಲಿಕೆಗೆ ಮಾತ್ರ ಬಳಸಿ. ಒಂದು ಕಡೆ 400 ಚಿಟ್ಟೆ, ಇನ್ನೊಂದು ಕಡೆ 120 ಎಣಿಸಿದ್ದರೆ ಜಾತಿಸಂಖ್ಯೆಯನ್ನೂ ನೇರ ಹೋಲಿಸಬಾರದು. 400ರಿಂದ 120ನ್ನು ಚೀಟಿ ಎತ್ತಿದಂತೆ ಹಲವು ಸಲ ಆರಿಸಿ, ಅದರಲ್ಲಿ ಸರಾಸರಿ ಎಷ್ಟು ಜಾತಿ ಬರುತ್ತದೆ ಎಂದು ನೋಡಿ ಹೋಲಿಸಬೇಕು.

ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಲಿಖಿತವಾಗಿ ಕೊಟ್ಟು ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಹೇಳಿ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೆ ಜಾಗವಿದೆ. ಗಣಿಗಾರಿಕೆಯ ವಿರುದ್ಧ ಜನ ನಿಂತ ಅಂಬಾರಗುಡ್ಡ ಇಂದು ಜೀವವೈವಿಧ್ಯ ಪಾರಂಪರಿಕ ತಾಣವಾಗಿರುವುದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ.

ಗುಂಡಿಗೆ ಮತ್ತೆ ಗಿಡ

ಕ್ವಾರಿ ಇನ್ನೂ ತೆರೆಯಬೇಕಿದ್ದರೆ ಮೇಲಿನ 20-30 ಸೆಂಟಿಮೀಟರ್ ಮಣ್ಣನ್ನು ಬೇರೆ ತೆಗೆದಿಡಿಸಿ. ರಾಶಿ ಎರಡು ಮೀಟರಿಗಿಂತ ಎತ್ತರ ಬೇಡ, ಒಳಗಿನ ಜೀವ ಸಾಯುತ್ತದೆ. ಮುಗಿದ ಜಂಬಿಟ್ಟಿಗೆ ಗುಂಡಿಯ ತಳ ಬಂಡೆಯಂತಿರುತ್ತದೆ, ಬೇರು ಇಳಿಯದು. ಅಲ್ಲಿ ಒಂದು ಮೀಟರ್ ಆಳದ ಅಗಳ ತೋಡಿ ಆ ಮಣ್ಣು, ದರಗು, ಗೊಬ್ಬರ ತುಂಬಿ, ಆರಿದ್ರಾ ಮಳೆ ಹಿಡಿದ ಮೇಲೆ ನೆಡಿ. ಅಕೇಶಿಯಾ ತೋಪು ಬೇಗ ಹಸಿರಾಗುತ್ತದೆ ನಿಜ, ಈಶ್ವರಿ ಬಳ್ಳಿ, ದಾಲ್ಚಿನ್ನಿ, ಜುಮ್ಮನಕಾಯಿ, ಕಕ್ಕೆ, ಮತ್ತಿ, ಬಿದಿರು ಮಾಡುವ ಕೆಲಸವನ್ನು ಅದು ಮಾಡದು.

ಈಶ್ವರಿ ಬಳ್ಳಿಯನ್ನು ಒಂದೆರಡು ನೆಟ್ಟು ಪ್ರಯೋಜನವಿಲ್ಲ, ನಾಲ್ಕೈದು ಹುಳು ಸೇರಿದರೆ ಒಂದು ಬಳ್ಳಿ ಬೋಳಾಗುತ್ತದೆ. ಹದಿನೈದಾದರೂ ಒತ್ತಟ್ಟಿಗೆ ಇರಲಿ, ಹಬ್ಬಲು ಪೊದೆಯ ಆಸರೆ, ಮಧ್ಯಾಹ್ನದ ನೆರಳು ಸಿಗುವ ಬದಿ. ನರ್ಸರಿಯಲ್ಲಿ ಸಿಗುವ, ದೊಡ್ಡ ಕಂದು ಹೂವಿನ ವಿದೇಶಿ ಬಳ್ಳಿಯನ್ನು ಇದರ ಬದಲು ತರಬೇಡಿ. ಆಸ್ಟ್ರೇಲಿಯಾದಲ್ಲಿ ಅಂಥದೇ ಅಲಂಕಾರಿಕ ಬಳ್ಳಿಯ ಮೇಲೆ ರಿಚ್‌ಮಂಡ್ ಬರ್ಡ್‌ವಿಂಗ್ ಮೊಟ್ಟೆ ಇಟ್ಟು, ಎಲೆ ತಿಂದ ಮರಿಗಳು ಸಾಯುತ್ತಿರುವುದು ಗೊತ್ತಾಗಿದೆ.

ಇನ್ನೂ ಓಡುತ್ತಿರುವ ಕ್ವಾರಿಯ ಅಂಚಿಗೆ ಹಸಿರು ಬೇಲಿ ಎಬ್ಬಿಸುವಾಗ ಮೊದಲ ಸಾಲಿಗೆ ಮೇವಿನ ಗಿಡ ನೆಡಲೇಬೇಡಿ. ಆ ಸಾಲಿನ ಕೆಲಸ ದೂಳು ಹಿಡಿಯುವುದು. ಅದರ ಎಲೆಗೆ ಚಿಟ್ಟೆ ಬಂದು ಮೊಟ್ಟೆ ಇಟ್ಟರೆ ಮರಿ ಉಳಿಯುವುದಿಲ್ಲ. ದಟ್ಟ ಎಲೆಯ ಎರಡು ಸಾಲು ಮರ ಮುಂದೆ, ಅದರಿಂದ 30 ಮೀಟರಾದರೂ ಹಿಂದೆ ಮೇವಿನ ಗಿಡ. ನೆಟ್ಟ ಮರುವರ್ಷ ಡಿಸೆಂಬರ್‌ನಲ್ಲಿ ಆ ಗಿಡಗಳ ಎಲೆ ತೊಳೆದು ದೂಳು ತೂಗಿ, ಐದನೆಯ ಹಂತದ ಹುಳು ಎಣಿಸಿ. ಮೊಟ್ಟೆಯಿದ್ದು ದೊಡ್ಡ ಹುಳು ಒಂದೂ ಇಲ್ಲದಿದ್ದರೆ ಮುಂದಿನ ಮಳೆಗೆ ಮೇವಿನ ಸಾಲನ್ನು ಇನ್ನೂ ಒಳಕ್ಕೆ ಸರಿಸಬೇಕು.